ಕ್ಯಾಂಟೀನ್ ಸಾಲಿನಲ್ಲಿ ‘ಮಾಮೂಲಿ’

ಇವತ್ತು ನನ್ನ ಬಾಯಿಂದ ಒಬ್ಬ ಒಳ್ಳೆ ಆಫೀಸರರ ಮರ್ಯಾದೆ ಹೋಗ್ತಿತ್ತು ಮಾರಾಯ್ರೆ. ಸ್ವಲ್ಪದರಲ್ಲಿ ಬಚಾವು.

ಟಿ. ನಗರದಲ್ಲಿ ಒಂದು ಸಿನಿಮಾಕ್ಕೆ ಹೋಗಿದ್ದೆ, ಸರ್ಕಾರದ ಲಂಚದ ಬಗ್ಗೆ ಥ್ರಿಲ್ಲರ್ ಅಂತೆ. ಥ್ರಿಲ್ಲೂ ಇಲ್ಲ, ಮಣ್ಣೂ ಇಲ್ಲ. ಮಂತ್ರಿ ಕಳ್ಳ ಅಂತ ನನಗೆ ಮೊದಲ ಸೀನಿಗೇ ಗೊತ್ತಾಯ್ತು, ಹೀರೋಗೆ ಇಂಟರ್ವಲ್ ಬಂದರೂ ಗೊತ್ತಾಗಲಿಲ್ಲ.

ಇಂಟರ್ವಲ್‌ನಲ್ಲಿ ಕ್ಯಾಂಟೀನ್ ಸಾಲಲ್ಲಿ ನಮ್ಮ ಅಡ್ಯಾರ್ ಹೋಟೆಲಿಗೆ ದಿನಾ ಬರುವ ಇನ್‌ಸ್ಪೆಕ್ಟರ್ ಕಂಡ್ರು, ಹೆಂಡತಿ ಜೊತೆ. ಹೋಟೆಲ್ ತಪಾಸಣೆ ಮಾಡುವವರು, ಆದ್ರೆ ಒಂದು ಲೋಟ ಕಾಫಿ ಸಹ ಪುಕ್ಕಟೆ ಕುಡಿದವರಲ್ಲ. ಅಭ್ಯಾಸಬಲ, ಅಲ್ಲಿಂದಲೇ ಕೂಗಿದೆ: “ಇನ್‌ಸ್ಪೆಕ್ಟರ್ ಸಾರ್, ಮಾಮೂಲಿ ತಾನೇ?”

ನಮಗೆ ಮಾಮೂಲಿ ಅಂದ್ರೆ ದಿನಾ ತಗೊಳ್ಳುವ ಐಟಂ. ಈ ತಮಿಳು ಊರಿನ ಕಿವಿಗೆ ಮಾಮೂಲ್ ಅಂದ್ರೆ ಲಂಚ. ಇಡೀ ಸಾಲು ತಿರುಗಿತು. “ಪೆರಿಯವರೇ, ಲಂಚದ ಸಿನಿಮಾ ಒಳಗಾ, ಹೊರಗಾ?” ಅಂತ ಒಬ್ಬ ನನ್ನ ಬಿಳಿ ತಲೆ ನೋಡಿ ಕೇಳಿದ. ಇನ್ನೊಬ್ಬ ಫೋನ್ ಎತ್ತಿ ವಿಡಿಯೋ ಶುರು ಮಾಡಿದ. ಇನ್‌ಸ್ಪೆಕ್ಟರ್ ಮುಖ ಬಿಳಿಚಿಕೊಂಡಿತು. ನನಗೆ ಪಿತ್ತ ನೆತ್ತಿಗೇರಿತು.

“ಲಂಚ ಅಲ್ಲವೋ ಮುಠ್ಠಾಳ! ಮೂರು ಚಮಚ ಸಕ್ಕರೆ ಹಾಕಿದ ಕಾಫಿ, ಒಂದು ಬಾದಾಮ್ ಹಲ್ವಾ! ದಿನಾ ದುಡ್ಡು ಕೊಟ್ಟೇ ತಿನ್ತಾರೆ!”

ಫೋನು ಕೆಳಗಿಳಿಯಿತು, ಎಲ್ಲರೂ ನಕ್ಕರು. ಅಬ್ಬ, ನನಗೆ ಹೋದ ಉಸಿರು ಬಂತು.

ಅವರ ಹೆಂಡತಿ ಮಾತ್ರ ನಗಲಿಲ್ಲ. “ಮನೇಲಿ ಶುಗರ್ ಅಂತ ಹಾಗಲಕಾಯಿ ಜ್ಯೂಸು, ಅಲ್ಲಿ ಹಲ್ವಾನಾ? ನಡೀರಿ ಮನೆಗೆ.”

ಹೋಗ್ತಾ ಇನ್‌ಸ್ಪೆಕ್ಟರ್ ನನ್ನ ಕಿವಿಯಲ್ಲಿ ಹೇಳಿದ್ರು: “ಲಂಚ ಅಂತಲೇ ಬಿಟ್ಟುಬಿಡಬಾರದಿತ್ತಾ ಯಜಮಾನ್ರೇ? ಅದಾದ್ರೆ ವಿಚಾರಣೆಗೆ ಹತ್ತು ವರ್ಷ ಹಿಡೀತಿತ್ತು.”