ಸಂಗನಕಲ್ಲು ಗುಡ್ಡದ ಮೇಲಿನ ಇಂಗ್ಲಿಷ್

“ಮಾತಾಡವ್ವ, ಯಾಕ ಹೆದರ್ತಿ?” ಎನ್ನುತ್ತ ನಮ್ಮ ಇಂಗ್ಲಿಷ್ ಮೇಷ್ಟ್ರು ನನ್ನನ್ನು ಆ ವಿದೇಶಿ ಹೆಂಗಸಿನ ಮುಂದೆ ನಿಲ್ಲಿಸಿಯೇಬಿಟ್ಟರು. ಅದು ಎಪ್ಪತ್ತರ ದಶಕ. ಬಳ್ಳಾರಿಯ ನಮ್ಮ ಹೈಸ್ಕೂಲಿನಿಂದ ಸಂಗನಕಲ್ಲು ಗುಡ್ಡ ನೋಡಲು ಹೋಗಿದ್ದೆವು. ಆಕೆ ಬಂಡೆಯ ಮೇಲಿನ ಪುರಾತನ ಚಿತ್ರಗಳನ್ನು ಹಾಳೆಗೆ ಇಳಿಸಿಕೊಳ್ಳುತ್ತಿದ್ದಳು.

ಹಿಂದೆ ಗೆಳತಿಯರು ಕಿಸಕ್ಕೆಂದರು. ನಾನು ಧೈರ್ಯ ಮಾಡಿ, “ಯೆಸ್ಟರ್ಡೇ ಯು ಆರ್ ಕಮಿಂಗ್?” ಎಂದು ಕೇಳಿದೆ. ಮೇಷ್ಟ್ರು ಹಣೆ ಚಚ್ಚಿಕೊಂಡರು. ಆಕೆ ಮಾತ್ರ ಪದಗಳಿಗಾಗಿ ಕೊಂಚ ತಡಕಾಡಿ, “ಯೆಸ್, ಯೆಸ್ಟರ್ಡೇ ಐ ಆಮ್ ಕಮಿಂಗ್!” ಎಂದು ಖುಷಿಯಿಂದ ನನ್ನ ಕೈ ಕುಲುಕಿದಳು.

ಆಕೆ ಇಟಲಿಯವಳಂತೆ. ಇಂಗ್ಲಿಷನ್ನು ನನ್ನ ಹಾಗೆಯೇ ಹೈಸ್ಕೂಲಿನಲ್ಲಿ ಕಲಿತವಳು, ಅದರಲ್ಲಿ ಡುಮ್ಕಿಯನ್ನೂ ಹೊಡೆದವಳು. ಅದನ್ನು ಹೇಳಿ ತಾನೇ ಮೊದಲು ನಕ್ಕಳು. ಆಮೇಲೆ ಗೆಳತಿಯರೆಲ್ಲ ಮುಂದೆ ನುಗ್ಗಿ, ಬಾಯಿಗೆ ಬಂದ ಇಂಗ್ಲಿಷಿನಲ್ಲಿ ಆಕೆಯ ಊರು, ಮನೆ, ಮದುವೆ ಎಲ್ಲವನ್ನೂ ವಿಚಾರಿಸಿದರು.

ಗುಡ್ಡ ಇಳಿಯುವಾಗ, “ತಪ್ಪು ಮಾತಾಡಿದ್ನಿ ಸರ್” ಎಂದೆ. ಮೇಷ್ಟ್ರು ನಗುತ್ತ, “ಆಕಿಗೆ ತಿಳೀತಲ್ಲವ್ವ, ಬಿಡು” ಎಂದರು.

ನನ್ನ ಇಂಗ್ಲಿಷ್ ಇವತ್ತಿಗೂ ಅಷ್ಟಕ್ಕಷ್ಟೇ. ಆದರೆ ಆ ದಿನದಿಂದ ಯಾರ ಮುಂದೆಯೂ ಬಾಯಿ ಮುಚ್ಚಿಕೊಂಡು ನಿಂತಿಲ್ಲ.