ಎಲ್ಲಕ್ಕೂ ಆಯ್ತು ಅನ್ನುವ ಪೇಜು

ಬೀದಿಯವರೆಲ್ಲ ಅವನನ್ನು ಕರೆಯುವುದು ಆಯ್ತಪ್ಪ ಎಂದು. ಹುಟ್ಟಿದಾಗ ಇಟ್ಟ ಹೆಸರು ಗುರುತಿನ ಚೀಟಿಯಲ್ಲಿ ತಣ್ಣಗೆ ಮಲಗಿದೆ, ಯಾರೂ ಎಬ್ಬಿಸುವುದಿಲ್ಲ. ಬಾಯಿ ಜೋರಿನ ಅಕ್ಕಂದಿರ ಹಿಂದೆ ಕೊನೆಯವನಾಗಿ ಹುಟ್ಟಿದವನು. ಬೈಗುಳ ನಿಲ್ಲಬೇಕಾದರೆ ತಪ್ಪು ತಿದ್ದಿಕೊಳ್ಳಬೇಕಾಗಿಲ್ಲ, "ಆಯ್ತು" ಅಂದರೆ ಸಾಕು ಎಂಬ ಜ್ಞಾನ ಹಾಲುಹಲ್ಲು ಬೀಳುವ ಮೊದಲೇ ಬಂದುಬಿಟ್ಟಿತ್ತು. ನೀರು ತುಂಬಿಸೋ ಅಂದರೆ ಆಯ್ತು. ತುಂಬಿಸಿದೆಯೇನೋ ಅಂದರೂ ಆಯ್ತು. ಬಕೆಟ್ಟು ಮಾತ್ರ ಬೋರಲು ಬಿದ್ದಿರುತ್ತಿತ್ತು.

ಇಂಥವನು ಬೆಳೆದು ವೆಬ್ ಪೇಜುಗಳಿಗೆ ಪ್ರೋಗ್ರಾಂ ಬರೆಯುವ ಕಂಪನಿ ಸೇರಿದ. ಕೈ ಚುರುಕು, ತಲೆಯೂ ಮೊಂಡಲ್ಲ. ಆದರೆ ಅಲ್ಲಿ ಒಬ್ಬಳು ಟೆಸ್ಟರ್ ಇದ್ದಳು. ಬೇರೆಯವರು ಮಾಡಿದ್ದನ್ನು ಕೆಡಿಸಿ ನೋಡುವುದೇ ಅವಳ ಕೆಲಸ. ವಯಸ್ಸು ಕೇಳಿದ ಜಾಗದಲ್ಲಿ "ನಿಮಗ್ಯಾಕೆ?" ಎಂದು ಬರೆಯುವಳು. ಒಂದು ಸಲ ಒತ್ತಬೇಕಾದ ಬಟನ್ನನ್ನು ತಿಗಣೆ ಕೊಲ್ಲುವವಳ ಹಾಗೆ ಕುಟ್ಟುವಳು. ಪರದೆ ಕೆಂಪಾದ ಕೂಡಲೇ ಆಫೀಸಿನ ಆ ಮೂಲೆಯಿಂದ, "ಆಯ್ತಪ್ಪಾ, ನಿಂದು ಸತ್ತೋಯ್ತು, ಬಂದು ಎತ್ಕೊಂಡ್ ಹೋಗು!" ಎಂದು ಕೂಗುವಳು. ಕೆಂಪು ಅಕ್ಷರ ಕಂಡರೆ ಕಣ್ಣು ಮುಚ್ಚಿಕೊಳ್ಳುವ ಕಾಯಿಲೆ ಅವನಿಗೆ ಅಂಟಿದ್ದು ಅಲ್ಲೇ. ಒಂದು ದಿನ ಕಂಪನಿ ಬಾಗಿಲು ಹಾಕಿದಾಗ ಉಳಿದವರು ಕಣ್ಣೀರು ಹಾಕಿದರು. ಇವನು ಅವಳ ಕಾಟ ತಪ್ಪಿತಲ್ಲ ಎಂದು ಒಳಗೊಳಗೇ ಹಿಗ್ಗಿದ.

ಆಮೇಲೆ ಸಿಕ್ಕಿದ್ದು ಅತ್ತೆಯ ಲಾಂಡ್ರಿ. ಕೆಳಗೆ ಅಂಗಡಿ, ಮೇಲೆ ಮನೆ. ಅತ್ತೆ ಕೌಂಟರಿನಲ್ಲಿ ಕೂರುತ್ತಾಳೆ. ಹೆಂಡತಿ ಪುಟ್ಟ ವ್ಯಾನು ಓಡಿಸಿಕೊಂಡು ಮನೆ ಮನೆಯಿಂದ ಬಟ್ಟೆ ಗಂಟು ತರುತ್ತಾಳೆ. ಬಟ್ಟೆ ಒಯ್ಯಲು ಬನ್ನಿ ಎಂದು ಗಿರಾಕಿಗಳು ಫೋನ್ ಮಾಡಿ ಮಾಡಿ ಅತ್ತೆಯ ಕಿವಿ ತೂತು ಬೀಳುವಂತಾಗಿತ್ತು. "ಫೋನೇ ಬೇಡ, ಒಂದು ಪೇಜು ಮಾಡಿಕೊಡ್ತೀನಿ" ಎಂದ ಅಳಿಯ. ಮಾಡಿಯೂ ಕೊಟ್ಟ. ಗಿರಾಕಿ ತನ್ನ ಹೆಸರು, ವಿಳಾಸ ಬರೆದು, ಬಟ್ಟೆಯ ಬಗ್ಗೆ ಹೇಳುವುದಿದ್ದರೆ ಕೆಳಗಿನ ಚೌಕದಲ್ಲಿ ಹೇಳಿ, ಬಟನ್ ಒತ್ತಬೇಕು. ದಪ್ಪ ಹಸಿರು ಅಕ್ಷರದಲ್ಲಿ ಉತ್ತರ ಬರುತ್ತದೆ: "ಆಯ್ತು. ಬಟ್ಟೆ ಒಯ್ಯಲು ಬರುತ್ತೇವೆ." ಅದೇ ಗಳಿಗೆಗೆ ಹೆಂಡತಿಯ ಮೊಬೈಲು ಕುಯ್ ಎನ್ನುತ್ತದೆ, ಅವಳು ವ್ಯಾನು ತಿರುಗಿಸುತ್ತಾಳೆ.

ಕೆಲವು ದಿನ ಎಲ್ಲವೂ ಸುಸೂತ್ರ. ಆಮೇಲೆ ಗಿರಾಕಿಗಳು ಒಬ್ಬೊಬ್ಬರೇ ಗಂಟು ಹೊತ್ತುಕೊಂಡು, ಮುಖ ಊದಿಸಿಕೊಂಡು ಅಂಗಡಿಗೇ ಬರತೊಡಗಿದರು. ಪೇಜು ಬರುತ್ತೇವೆ ಅಂದಿತ್ತಂತೆ. ಬಾಗಿಲಲ್ಲಿ ಕಾದರಂತೆ. ನಾಯಿಯೂ ಬರಲಿಲ್ಲವಂತೆ. ಮುಖ ಊದಿಸಿಕೊಳ್ಳುವ ತಾಳ್ಮೆಯೂ ಇಲ್ಲದವರು ಸೇತುವೆ ಹತ್ತಿರದ ಇನ್ನೊಂದು ಲಾಂಡ್ರಿಗೆ ಹೋದರು.

"ಬ್ರೌಸರ್ ಕ್ಯಾಶೆ ಖಾಲಿ ಮಾಡೋಕೆ ಹೇಳಿ, ಅತ್ತೆ. ಅವರ ಮೊಬೈಲಲ್ಲಿ ಹಳೇ ಪೇಜು ಕೂತಿರುತ್ತೆ" ಎಂದ ಆಯ್ತಪ್ಪ.

"ಏನು ಖಾಲಿ ಮಾಡ್ಬೇಕು? ಅಂಗಡಿ ತಾನೇ ಖಾಲಿ ಆಗ್ತಿದೆಯಲ್ಲ, ಸಾಲ್ದಾ?"

ಅತ್ತೆಗೆ ಅಳಿಯನ ಮೇಲೆ ಸಿಟ್ಟು ಬಂದರೆ ಬಹುವಚನ ಇನ್ನೂ ಬಹುವಾಗುತ್ತದೆ. "ನೋಡಿ ಅಳಿಯಂದಿರೇ, ಟೈಪಿಸ್ಟಮ್ಮನ ಗಂಡನ ಕೋಟು ಎರಡು ಸಲ ಬಾಗಿಲಲ್ಲೇ ಉಳೀತು. ನಿಮ್ಮ ಮಾವನೋರು ಅಂಗಡಿ ತೆಗೆದ ವಾರ ಬಂದ ಗಿರಾಕಿ ಆಕೆ. ಆಕೇನೂ ಸೇತುವೆ ಕಡೆ ಹೋದ್ರೆ ಬೀದಿ ಪೂರ್ತಿ ಹಿಂದೆ ಹೋಗುತ್ತೆ. ಇವತ್ತು ಬಾಗಿಲು ಹಾಕೋದ್ರೊಳಗೆ ಸರಿ ಮಾಡಿ. ಇಲ್ದಿದ್ರೆ ನಿಮ್ಮ ಪೇಜಿಗೂ ಬಾಗಿಲು ಹಾಕ್ತೀನಿ. ನಾಳೆಯಿಂದ ತಮ್ಮನ್ನ ಇಸ್ತ್ರಿ ಮೇಜಿಗೆ ಆಹ್ವಾನಿಸ್ತೀನಿ."

"ಆಯ್ತು."

"ಏನಾಯ್ತು?"

ಇಸ್ತ್ರಿ ಮೇಜು ಬಾಯ್ಲರಿನ ಪಕ್ಕದಲ್ಲಿದೆ. ಅಲ್ಲಿ ನಿಂತವನು ಮಧ್ಯಾಹ್ನದ ಹೊತ್ತಿಗೆ ತಾನೇ ಅರ್ಧ ಬೆಂದಿರುತ್ತಾನೆ.

ಆಯ್ತಪ್ಪ ಮೇಲೆ ಹೋಗಿ ಲ್ಯಾಪ್‌ಟಾಪ್ ಬಿಚ್ಚಿದ. ಮೊದಲು ಸರ್ವರನ್ನು ಆರಿಸಿ ಹಚ್ಚಿದ, ಮೂರ್ಛೆ ಬಿದ್ದವನ ಮುಖಕ್ಕೆ ನೀರು ಚಿಮುಕಿಸಿದ ಹಾಗೆ. ಆಮೇಲೆ ಕೋಡಿನಲ್ಲಿ ಅನುಮಾನ ಬಂದಲ್ಲೆಲ್ಲ ಒಂದೇ ಏಟಿಗೆ ತಿದ್ದಿದ. ಒಂದು ತಿದ್ದಿ, ನೋಡಿ, ಆಮೇಲೆ ಇನ್ನೊಂದಕ್ಕೆ ಕೈಹಾಕಬೇಕು ಎಂಬುದು ಈ ಕಸುಬಿನ ಅಆಇಈ. ಅವಸರದಲ್ಲಿ ಇರುವವನಿಗೆ ಮೊದಲು ಮರೆಯುವುದೂ ಅದೇ. ತಿದ್ದಿದ ಮೇಲೆ ಪರೀಕ್ಷೆ ಮಾಡಿದ. ಹೆಸರು: ಅಅಅ. ವಿಳಾಸ: ಅಅಅ. ಚೌಕದಲ್ಲಿ: ಟೆಸ್ಟ್. ಬಟನ್ ಒತ್ತಿದ. ಹಸಿರು! ಮತ್ತೆ ಒತ್ತಿದ. ಮತ್ತೂ ಹಸಿರು!

ಹೆಂಡತಿಯ ಫೋನ್ ಬಂತು. "ರೀ, ಈ ಅಅಅ ಯಾವ ಬೀದಿ? ಆಗಿನಿಂದ ಗಂಟು ಕೊಡ್ತೀನಿ ಕೊಡ್ತೀನಿ ಅಂತ ಸಾಯ್ತಿದಾನೆ."

"ಅದು ನಾನೇ ಕಣೆ. ಟೆಸ್ಟು."

"ನಿಮ್ಮ ಬಟ್ಟೆ ಮನೇಲೇ ಒಗೀತೀನಲ್ರೀ! ಮತ್ತೆ ಇನ್ನೊಂದು, ಇವತ್ತಿನ ಲಿಸ್ಟು ತಲೆಕೆಳಗಾಗಿದೆ. ಕೊನೇಗೆ ಹೋಗ್ಬೇಕಾದ ಮನೆ ಮೊದಲು ತೋರಿಸ್ತಿದೆ. ಏನ್ ಮುಟ್ಟಿದ್ರಿ?"

"ಏನೂ ಮುಟ್ಟಿಲ್ಲ" ಎಂದು, ಮುಟ್ಟಿದ್ದನ್ನೆಲ್ಲ ಒಂದೊಂದಾಗಿ ಮೊದಲಿನಂತೆ ಮಾಡಿದ.

"ಒಂದು ವಿಚಿತ್ರ ನೋಡ್ರೀ" ಎಂದಳು ಹೆಂಡತಿ ಫೋನಿನಲ್ಲೇ. "ಮಾಂಸದಂಗಡಿಯವನ ಏಪ್ರನ್ನು ಒಂದು ಸಲಾನೂ ತಪ್ಪಿಲ್ಲ. ಗಡಿಯಾರ ಇದ್ದ ಹಾಗೆ ಬರುತ್ತೆ."

ಆಯ್ತಪ್ಪ ಆ ಮನುಷ್ಯನ ಬೇಡಿಕೆಗಳನ್ನು ತೆಗೆದು ನೋಡಿದ. ಚೌಕದಲ್ಲಿ ಪ್ರತಿ ಸಲವೂ ಒಂದೇ ಪದ ಬರೆದಿದ್ದ: "ರಕ್ತ." ಅದರಲ್ಲಿ ಇವನಿಗೆ ಏನೂ ಹೊಳೆಯಲಿಲ್ಲ. ಬೆನ್ನು ಮಾತ್ರ ಸ್ವಲ್ಪ ತಣ್ಣಗಾಯಿತು.

ಇನ್ನು ಉಳಿದದ್ದು ಒಂದೇ ದಾರಿ. ಅವನಿಗೆ ಸಾವಿನಷ್ಟು ಕಷ್ಟದ ದಾರಿ. ಪೇಜು ಯಾರ ಕೈಯಲ್ಲಿ ಕೆಡುತ್ತದೋ ಅವರ ಪಕ್ಕ ಕೂತು, ಬಾಯಿ ಮುಚ್ಚಿಕೊಂಡು ನೋಡುವುದು. ಲ್ಯಾಪ್‌ಟಾಪ್ ಬಗಲಲ್ಲಿಟ್ಟುಕೊಂಡು ಟೈಪಿಸ್ಟಮ್ಮನ ಮನೆಗೆ ಹೋದ.

ಟೈಪಿಸ್ಟಮ್ಮ ಕೋರ್ಟಿನಲ್ಲಿ ಟೈಪು ಮಾಡಿ ನಿವೃತ್ತಳಾದವಳು. ವಕೀಲರು ಉಸಿರು ತೆಗೆದುಕೊಳ್ಳುವ ಮೊದಲೇ ಅವರ ವಾಕ್ಯ ಮುಗಿಸುತ್ತಿದ್ದವಳು. "ಬಂದ್ಯೇನಪ್ಪ? ಗಂಟು ತಗೊಂಡು ಹೋಗೋಕಾ, ಇನ್ನೊಂದು ಸಲ ಆಯ್ತು ಅನ್ನೋಕಾ?"

"ನೀವು ಹೇಗೆ ಬರೀತೀರೋ ಹಾಗೇ ಬರೀರಿ, ಅಮ್ಮ. ನಾನು ಇಲ್ಲಿಲ್ಲ ಅಂದ್ಕೊಳ್ಳಿ."

"ಅದೇನು ಕಷ್ಟ? ನೀನು ಎಲ್ಲೂ ಇರಲ್ಲ."

ಆಕೆ ಹೆಸರು ಬರೆದಳು, ವಿಳಾಸ ಬರೆದಳು. ಚೌಕಕ್ಕೆ ಬಂದ ಮೇಲೆ ಬೆರಳುಗಳು ಆಲಿಕಲ್ಲಿನಂತೆ ಸುರಿಯತೊಡಗಿದವು. ಕೋಟಿನ ಎಡ ತೋಳಿನ ಕಲೆ ಚಹಾದ್ದು. ಅದನ್ನು ಚೆಲ್ಲಿದ್ದು ತನ್ನ ನಾದಿನಿ. ಚೆಲ್ಲಿದ ಮೇಲೂ ಆಕೆ ಕ್ಷಮೆ ಕೇಳಲಿಲ್ಲ. ಕಾಲರಿನ ಕಲೆ ಮಾತ್ರ ತಲೆಗೂದಲಿನ ಬಣ್ಣದ್ದು, ಯಜಮಾನರು ಅದನ್ನು ಒಪ್ಪಿಕೊಳ್ಳುವುದಿಲ್ಲ, ಆದ್ದರಿಂದ ರಸೀದಿಯಲ್ಲಿ ಶಾಯಿ ಎಂದೇ ಬರೆಯುವುದು. ಹೋದ ಸಲ ಬಟನ್ ಒಂದು ಕಳೆದಿತ್ತು... ಹೀಗೆ ಸಾಗಿ, ಕೊನೆಗೆ ಚುಕ್ಕಿ ಇಟ್ಟು ಬಟನ್ ಒತ್ತಿದಳು.

ಹಸಿರು. "ಆಯ್ತು. ಬಟ್ಟೆ ಒಯ್ಯಲು ಬರುತ್ತೇವೆ."

ಆಯ್ತಪ್ಪ ದಾಖಲೆ ತೆಗೆದು ನೋಡಿದ. ಕೋಟೂ ಇಲ್ಲ, ನಾದಿನಿಯೂ ಇಲ್ಲ.

ಮಾಂಸದಂಗಡಿಯವನ ಒಂದೇ ಪದ ಆಗ ತಲೆಯಲ್ಲಿ ಮಿಂಚಿತು. ಮಾತು ಕಮ್ಮಿ ಇದ್ದವರ ಗಂಟು ಬರುತ್ತಿದೆ. ಮಾತು ಜಾಸ್ತಿ ಇದ್ದವರದ್ದು ಮಾಯವಾಗುತ್ತಿದೆ! ಅವನು ಪರೀಕ್ಷೆಗೆಂದು ಬರೆದದ್ದಾದರೂ ಏನು? ಟೆಸ್ಟ್. ಅಷ್ಟು ಚಿಕ್ಕ ಕೊಳೆ ಯಾವ ಮನೆಯಲ್ಲಿದೆ?

ಪ್ರೋಗ್ರಾಂ ಬರೆಯುವವರು, ಕೆಲಸ ಎಲ್ಲಿ ಕೆಡಬಹುದೋ ಅಲ್ಲಿ ಕೆಳಗೊಂದು ಬಲೆ ಕಟ್ಟುತ್ತಾರೆ. ಕೆಟ್ಟರೆ ಅದರ ದೂರು ಬಲೆಗೆ ಬೀಳಬೇಕು, ಬಿದ್ದದ್ದನ್ನು ಯಾರಾದರೂ ಎತ್ತಿ ಓದಬೇಕು. ಆಯ್ತಪ್ಪನೂ ಬಲೆ ಕಟ್ಟಿದ್ದ. ಬಿದ್ದ ದೂರನ್ನು ಅಲ್ಲೇ ಕತ್ತು ಹಿಸುಕಿ, ಪರದೆಯ ಮೇಲೆ ಹಸಿರು ತೋರಿಸು ಎಂದೂ ಬರೆದಿದ್ದ. ಕೂಗುವವರನ್ನೆಲ್ಲ ವ್ಯಾನಿಗೆ ತುಂಬಿ ಊರಾಚೆ ಇಳಿಸಿ ಬಂದು, ಪರಿಸ್ಥಿತಿ ಶಾಂತವಾಗಿದೆ ಎಂದು ವರದಿ ಕೊಡುವ ಅಧಿಕಾರಿಗಳು ಇರುತ್ತಾರಲ್ಲ, ಅದೇ ಜಾತಿಯ ಕೆಲಸ. ಆ ಅಧಿಕಾರಿಗೆ ಪದಕ ಸಿಗುತ್ತದೆ. ಇವನಿಗೆ ಇಸ್ತ್ರಿ ಮೇಜು ಕಾದಿತ್ತು.

ಕತ್ತು ಹಿಸುಕುವ ಆ ಒಂದು ಸಾಲನ್ನು ಅಳಿಸಿ, ದೂರೆಲ್ಲ ಪರದೆಗೂ ಬರಲಿ, ದಾಖಲೆಗೂ ಹೋಗಲಿ ಎಂದು ಬರೆದ. "ಅಮ್ಮ, ಇನ್ನೊಂದು ಸಲ."

ಟೈಪಿಸ್ಟಮ್ಮ ನಾದಿನಿಯನ್ನು ಇನ್ನೊಂದು ಸಲ ಬೈಯಲು ಸಿಕ್ಕ ಅವಕಾಶ ಬಿಡಲಿಲ್ಲ. ಬಟನ್ ಒತ್ತಿದ ಕೂಡಲೇ ಪರದೆ ಕೆಂಪಾಯಿತು. ಅವನ ಕಣ್ಣು ತಾನಾಗಿ ಮುಚ್ಚಿಕೊಂಡಿತು. ಬಲವಂತವಾಗಿ ತೆರೆದು ಓದಿದ. ಬರಹ ತುಂಬಾ ಉದ್ದವಾಯಿತು, ಕಪಾಟಿನಲ್ಲಿ ಜಾಗವಿಲ್ಲ ಎಂದಿತ್ತು. ಕೊಳೆ ಬಟ್ಟೆಯ ಬಗ್ಗೆ ಯಾರಿಗೆ ಎಷ್ಟು ಮಾತಿರುತ್ತದೆ ಎಂದುಕೊಂಡು, ಡೇಟಾಬೇಸೆಂಬ ಆ ಕಪಾಟಿನಲ್ಲಿ ಚೌಕಕ್ಕೆ ಗೇಣುದ್ದ ಜಾಗ ಕೊಟ್ಟವನು ಇವನೇ. ಹೊರಗಿನ ಪೇಜಿನಲ್ಲಿ ಮಾತ್ರ ಎಷ್ಟು ಬೇಕಾದರೂ ಬರೆಯಿರಿ ಎಂದು ಬಾಗಿಲು ಹಾರುಹೊಡೆದಿದ್ದ.

ಟೈಪಿಸ್ಟಮ್ಮ ಕನ್ನಡಕ ಸರಿ ಮಾಡಿಕೊಂಡು ಕೆಂಪು ಅಕ್ಷರ ನೋಡಿದಳು. "ಪರವಾಗಿಲ್ವೇ! ನಿನ್ನ ಪೇಜಿಗೂ ಇಲ್ಲ ಅನ್ನೋಕೆ ಬರುತ್ತೆ."

ಅಂಗಡಿಗೆ ಬಂದು ಎಲ್ಲ ಹೇಳಿದ. ಅತ್ತೆ ಕೇಳಿಸಿಕೊಂಡು, ಒಂದೇ ಪ್ರಶ್ನೆ ಕೇಳಿದಳು. "ಸರಿ, ಹಾಗಾದ್ರೆ ಬಾಗಿಲಲ್ಲಿ ಕಾಯ್ತಾ ಇರೋರು ಯಾರ್ಯಾರು?"

ಆಯ್ತಪ್ಪ ದಾಖಲೆಯನ್ನು ಮತ್ತೊಮ್ಮೆ ಜಾಲಾಡಿದ. ದೂರುಗಳ ಜೊತೆಗೆ ಹೆಸರು, ವಿಳಾಸವೂ ಸತ್ತುಹೋಗಿದ್ದವು. ಯಾರೋ ಬಂದು ಬಾಗಿಲು ತಟ್ಟಿದ್ದರು ಎಂಬುದಕ್ಕೆ ಸರ್ವರಿನಲ್ಲಿ ಗುರುತಿತ್ತೇ ಹೊರತು, ತಟ್ಟಿದವರು ಯಾರು ಎಂಬುದಕ್ಕಲ್ಲ.

"ತಿಳಿಯೋ ದಾರಿ ಇಲ್ಲ, ಅತ್ತೆ."

"ಇದೆ. ನಿಮಗೆ ಬಾಯಿದೆ, ಊರಲ್ಲಿ ಬೀದಿ ಇವೆ."

ಹಾಗಾಗಿ ಆ ಮಧ್ಯಾಹ್ನ ಹೆಂಡತಿ ವ್ಯಾನನ್ನು ಎತ್ತಿನ ನಡಿಗೆಯಲ್ಲಿ ಓಡಿಸಿದಳು, ಗಂಡ ಮುಂದೆ ನಡೆದ. ಮೊದಲ ಬೀದಿಯಲ್ಲಿ ಅವನ ಕೂಗು ಅವನ ಕಾಲರನ್ನೇ ದಾಟಲಿಲ್ಲ.

"ರೀ, ಗುಟ್ಟು ಹೇಳ್ತಿದ್ದೀರಾ?" ಎಂದು ಹೆಂಡತಿ ಹಾರನ್ ಒತ್ತಿದಳು.

"ಲಾಂಡ್ರಿ ಪೇಜಲ್ಲಿ ಬರೆದು ಕಾಯ್ತಿರೋರು ಯಾರಾದ್ರೂ ಇದ್ದೀರಾ? ತಪ್ಪು ನಮ್ದು! ಗಂಟು ಕೊಡಿ!" ಎಂದು ಈ ಸಲ ಬೀದಿಗೆಲ್ಲ ಕೇಳುವಂತೆ ಕೂಗಿದ.

ಕಿಟಕಿ ತೆರೆದವು. ಜನ ಗಂಟು ತಂದರು, ಗಂಟಿಗಿಂತ ದೊಡ್ಡ ಮಾತು ತಂದರು. ಒಬ್ಬಳು ಪರದೆ ಬಟ್ಟೆಯ ಜೊತೆಗೆ ಅದರ ಮೇಲೆ ಉಚ್ಚೆ ಹೊಯ್ದ ಬೆಕ್ಕನ್ನೂ ಎತ್ತಿಕೊಂಡು ಬಂದಳು, ಸಾಕ್ಷಿಗೆ. ಒಬ್ಬ ತುತ್ತೂರಿ ಊದುವವನು, ಬ್ಯಾಂಡಿನ ಸಮವಸ್ತ್ರವಿಲ್ಲದೆ ಬನಿಯನ್ನಿನಲ್ಲೇ ಊದಬೇಕಾಯಿತೆಂದು ಆ ಬನಿಯನ್ನನ್ನೂ ತೋರಿಸಿದ. ಆಯ್ತಪ್ಪ ನಡುವೆ ಎಲ್ಲೂ ಆಯ್ತು ಅನ್ನುವಂತಿರಲಿಲ್ಲ. ಅಂದರೆ, "ಏನಾಯ್ತು? ಇನ್ನೂ ಮುಗಿದಿಲ್ಲ, ಕೇಳಿ!" ಎಂದು ಮೊದಲಿಂದ ಶುರು ಮಾಡುತ್ತಿದ್ದರು. ವ್ಯಾನು ತುಂಬಿತು. ಹೆಂಡತಿ ಗಂಟುಗಳನ್ನು ಅಂಗಡಿಯಲ್ಲಿ ಇಳಿಸಿ ಮತ್ತೆ ಬಂದಳು, ಮತ್ತೆ ತುಂಬಿತು.

ವಾಪಸ್ಸು ಬಂದವನು ನೀರೂ ಕುಡಿಯದೆ ಕೂತು ಡೇಟಾಬೇಸಿನ ಜಾಗ ಅಗಲ ಮಾಡಿದ. ಪೇಜಿನ ಚೌಕಕ್ಕೂ ಅಷ್ಟೇ ಮಿತಿ ಹಾಕಿದ. ಉಳಿಸಿದ್ದು ನಿಜವಾಗಿ ಉಳಿಯಿತೇ ಎಂದು ನೋಡಿದ ಮೇಲೆಯೇ ಹಸಿರು ಬರಬೇಕು ಎಂದು ಬರೆದ. "ಈಗ ಟೆಸ್ಟ್ ಮಾಡ್ತೀನಿ" ಎಂದು ಕೈ ಚಾಚಿದ.

"ಕೈ ತೆಗೀರಿ" ಎಂದಳು ಅತ್ತೆ. "ನಿಮ್ಮ ಟೆಸ್ಟು ನೋಡಿದ್ದಾಯ್ತು. ಅಕ್ಕಾ, ನೀವು ಕೂತ್ಕೊಳ್ಳಿ, ನಾನು ಹೇಳ್ತೀನಿ."

ಕೋಟು ಕೊಡಲೆಂದು ಬಂದಿದ್ದ ಟೈಪಿಸ್ಟಮ್ಮ ಕೌಂಟರಿನ ಹಿಂದೆ ಕೂತು ಬೆರಳಿನ ನೆಟಿಗೆ ಮುರಿದಳು.

"ವಿಳಾಸ: ಮೇಲ್ಗಡೆ ಮನೆ. ಬಟ್ಟೆಯ ವಿವರ: ಅಳಿಯ, ಒಬ್ಬ. ಇನ್ನು ಕಲೆಗಳು, ಬರ್ಕೊಳ್ಳಿ."

ಅತ್ತೆ ಶುರು ಮಾಡಿದಳು. ಮದುವೆಯ ಮಾತುಕತೆಗೆ ತಡವಾಗಿ ಬಂದದ್ದು, ಸೋರುವ ನಲ್ಲಿಗೆ ಆಯ್ತು ಅಂದದ್ದು, ಗೊರಕೆ, ಒದ್ದೆ ಟವೆಲನ್ನು ಹಾಸಿಗೆ ಮೇಲೆ ಎಸೆಯುವುದು, ಅತ್ತೆಯ ಕನ್ನಡಕದ ಮೇಲೆ ಕೂತು ತಪ್ಪನ್ನು ಬೆಕ್ಕಿನ ತಲೆಗೆ ಕಟ್ಟಿದ್ದು. ಅಂಗಡಿಯಲ್ಲಿದ್ದ ಗಿರಾಕಿಗಳು ರಸೀದಿ ತೆಗೆದುಕೊಂಡ ಮೇಲೂ ಕದಲಲಿಲ್ಲ. ಟೈಪಿಸ್ಟಮ್ಮ ಬಟನ್ ಒತ್ತಿದಳು.

ಕೆಂಪು. "ಉಳಿಸಲಾಗಲಿಲ್ಲ. ಬರಹ ಮಿತಿಗಿಂತ ಉದ್ದವಾಗಿದೆ. ನೀವು ಬರೆದದ್ದು ಇಲ್ಲೇ ಇದೆ, ಸ್ವಲ್ಪ ಕಡಿಮೆ ಮಾಡಿ ಮತ್ತೆ ಒತ್ತಿ."

"ಹೇಳ್ತು ನೋಡಿ, ಬಾಯಿಬಿಟ್ಟು!" ಎಂದಳು ಟೈಪಿಸ್ಟಮ್ಮ. "ಯಾವುದು ತೆಗೀಲಿ?"

ಅತ್ತೆ ಅಳಿಯನನ್ನು ಮೇಲಿಂದ ಕೆಳಗೆ ಅಳೆದು ನೋಡಿದಳು. ಬಿಸಿಲಲ್ಲಿ ಕೂಗಿ ಕೂಗಿ ಅವನ ಗಂಟಲು ಕಟ್ಟಿತ್ತು, ಅಂಗಿ ಬೆನ್ನಿಗೆ ಅಂಟಿತ್ತು. "ಗೊರಕೆ ತೆಗೀರಿ. ಅವರ ಮಾವನೋರೂ ಹೊಡೀತಿದ್ರು. ನಲ್ಲಿ ಇರ್ಲಿ."

ಗೊರಕೆ ಹೋಯಿತು. ಬಟನ್ ಒತ್ತಿದರು. ಹಸಿರು ಬಂತು, ಹೊರಗೆ ನಿಂತಿದ್ದ ವ್ಯಾನಿನಿಂದ ಕುಯ್ ಎಂಬ ಸದ್ದೂ ಬಂತು. ಆಮೇಲೆ ಹೆಂಡತಿಯ ನಗು ಶುರುವಾಯಿತು. ಮೊಬೈಲು ಹಿಡಿದುಕೊಂಡೇ ಬಾಗಿಲಿಗೆ ಬಂದಳು.

"ಅಮ್ಮಾ, ಪೂರ್ತಿ ಬಂದಿದೆ, ಕೊನೇ ಅಕ್ಷರದವರೆಗೂ. ಇದನ್ನ ಈಗ್ಲೇ ಎತ್ಕೊಂಡ್ ಹೋಗ್ಲಾ?"

"ಪೇಜು ಇರ್ಲಿ, ಬಾಗಿಲು ಹಾಕಲ್ಲ" ಎಂದು ಅತ್ತೆ ಕೋಟಿನ ತೋಳು ಬೆಳಕಿಗೆ ಹಿಡಿದಳು. "ಅಳಿಯನ ಕಲೆ ಮಾತ್ರ ನಾಳೆ ನೋಡೋಣ, ನೆನೆಸಿಡು. ನೀವು ನಿಂತು ಏನ್ ನೋಡ್ತಿದ್ದೀರಿ, ಅಳಿಯಂದಿರೇ? ನಲ್ಲಿ ರಿಪೇರಿ ಮಾಡಿ, ಹೋಗಿ."