ಗಂಜಿಗೆ ಉಪ್ಪು ಸಾಲದು

ಆಸ್ಪತ್ರೆಗಳ ಡ್ರಿಪ್ ಮೆಷಿನ್ ರಿಪೇರಿ ಮಾಡೋದು ನನ್ನ ಕೆಲಸ. ಒಂದು ಮಧ್ಯಾಹ್ನ ಪೀಣ್ಯದ ಆಸ್ಪತ್ರೆಯೊಂದರಲ್ಲಿ ಮೆಷಿನ್ ಬಿಚ್ಚಿ ಕೂತಿದ್ದೆ. ಪಕ್ಕದ ಮಂಚದಲ್ಲಿ ಮಾಕಳಿ ಕಡೆ ಬಾಡೂಟಕ್ಕೆ ಅಡುಗೆ ಮಾಡುವ ಗಂಗಣ್ಣ. ಪ್ಯಾಂಕ್ರಿಯಾಸ್ ಊದಿಕೊಂಡು, ಬಾಯಿಗೆ ಏನೂ ಹಾಕದೆ ಮಲಗಿದ್ದರು. ಬಿಸಿಲು ಡ್ರಿಪ್ ಬಾಟಲಿಯೊಳಗಿಂದ ಹಾದು, ಗೋಡೆ ಮೇಲೆ ಕೆರೆ ನೀರಿನ ಹಾಗೆ ಅಲುಗಾಡುತ್ತಿತ್ತು.

ನನ್ನ ಕೊರಳಿನ ಐಡಿ ಕಾರ್ಡ್ ನೋಡಿ ಅವರ ಹೆಂಡತಿ, "ಸಾರ್, ಇವ್ರು ಉಳೀತಾರಾ?" ಅಂದರು.

"ನಾನು ಡಾಕ್ಟರಲ್ಲ ಅಕ್ಕ, ಮೆಷಿನ್ ರಿಪೇರಿಯವನು."

"ಕುಡಿಯೋದು ಪೂರ್ತಿ ಬಿಟ್ರೆ ವಾಸಿ ಆಗ್ಬೋದು, ಮೊದ್ಲು ಅಸಿವು ಬರ್ಲಿ ಅಂದವ್ರೆ ಡಾಕ್ಟ್ರು. ಇವ್ರಿಗೆ ಅಸಿವೇ ಇಲ್ಲ."

ಗಂಗಣ್ಣ ಕಣ್ಣು ಮುಚ್ಚಿಕೊಂಡೇ ಗಾಳಿಯಲ್ಲಿ ಕೈಯಾಡಿಸುತ್ತಿದ್ದರು, ಕನಸಿನಲ್ಲಿ ಕೊಪ್ಪರಿಗೆ ತಿರುವುವ ಹಾಗೆ. ಅಷ್ಟರಲ್ಲಿ ನರ್ಸ್ ಮೊದಲ ಗಂಜಿ ತಂದರು. ಒಂದು ಚಮಚ ಒಳಗೆ ಹೋಯಿತು. ಎಲ್ಲರೂ ಅವರ ಮುಖವನ್ನೇ ನೋಡುತ್ತಾ ನಿಂತೆವು.

"ಯಾವ್ ಬಡ್ಡಿಮಗ ಇದ್ನ ಮಾಡಿದ್ದು? ಉಪ್ಪಿಲ್ಲ, ಕಾರ ಇಲ್ಲ. ಇನ್ನೊಂದ್ ಚಮಚ ಆಕು, ನೋಡನ."

ಅಕ್ಕ ಬಾಯಿಗೆ ಸೆರಗು ಹಿಡಿದು, ಅಳುತ್ತಲೇ ನಕ್ಕರು. "ಬೈತಾವ್ರೆ ಸಾರ್, ಉಳ್ಕಂಡ್ರು!"

ನನ್ನ ಮೆಷಿನ್ನೂ ಸರಿಹೋಗಿ ಕುಂಯ್ ಅಂದಿತು. ಅದರ ಕಡೆ ಯಾರೂ ತಿರುಗಿ ನೋಡಲಿಲ್ಲ.